ನಳಿನಿಯ ಕಣ್ಸನ್ನೆ

ನಳಿನಿ ಕುಲಕರ್ಣಿ ವಿಮಲಾಬೆನ್ ಶಾ ಅವರ ಮನೆಯನ್ನು ಮೊದಲ ಸಲ ಕಂಡದ್ದು ನೆಲದ ಮೇಲೆ ಅಂಗಾತ ಮಲಗಿಕೊಂಡು. ತೊಂಬತ್ತೈದರ ಜನವರಿ. ಗಂಡ ಹಯವದನನಿಗೆ ಬ್ಯಾಂಕಿನಲ್ಲಿ ಹುಬ್ಬಳ್ಳಿಯಿಂದ ಸೂರತ್ತಿಗೆ ವರ್ಗವಾಗಿ, ಅಡಾಜಣ್‌ನ ಹೊಸ ಅಪಾರ್ಟ್‌ಮೆಂಟಿಗೆ ಅವರು ಬಂದು ಇನ್ನೂ ವಾರ ಕಳೆದಿರಲಿಲ್ಲ. ಊರಿನಿಂದ ಲಾರಿಯಲ್ಲಿ ಬಂದ ಜೋಳದ ಚೀಲ ಕೆಳಗೆ ಬಿದ್ದಿತ್ತು, ಲಿಫ್ಟ್ ಕೆಟ್ಟಿತ್ತು. ಗಂಡ ಬರುವವರೆಗೆ ಕಾಯುವ ತಾಳ್ಮೆ ಅವಳಿಗೆ ಇರಲಿಲ್ಲ. ಚೀಲವನ್ನು ತಾನೇ ಎತ್ತಿಕೊಂಡು ಹೊರಟವಳಿಗೆ ಎರಡನೆಯ ಮಹಡಿಯ ತಿರುವಿನಲ್ಲಿ ಸೊಂಟ ಹಿಡಿದುಬಿಟ್ಟಿತು. ಕೂರಲೂ ಆಗದೆ, ನಿಲ್ಲಲೂ ಆಗದೆ, ಗೋಡೆಗೆ ಒರಗಿ "ಅವ್ವಾ" ಎಂದಳು.

ಎದುರಿನ ಬಾಗಿಲು ತೆರೆಯಿತು. ಐವತ್ತು ದಾಟಿದ, ಕಡ್ಡಿಯಂತೆ ತೆಳ್ಳಗಿನ ಹೆಂಗಸೊಬ್ಬರು ಚೀಲವನ್ನೊಮ್ಮೆ, ಇವಳನ್ನೊಮ್ಮೆ ನೋಡಿದರು. ಏನನ್ನೂ ಕೇಳದೆ ತೋಳು ಹಿಡಿದು ಒಳಗೆ ಕರೆದೊಯ್ದು, ನೆಲದ ಮೇಲೆ ಮಲಗಿಸಿ, ಮಡಿಸಿದ ಮೊಣಕಾಲುಗಳ ಕೆಳಗೆ ದಿಂಬು ಇಟ್ಟರು.

"ಉಸಿರು ಬಿಡು ಬೆನ್. ಉಸಿರು ಹಿಡ್ಕೊಂಡರೆ ನೋವು ಹೋಗುತ್ತಾ?"

ಅವರ ಗುಜರಾತಿಯಲ್ಲಿ ನಳಿನಿಗೆ ತಿಳಿದದ್ದು ತಂಗಿ ಎಂದು ಕರೆಯುವ 'ಬೆನ್' ಎಂಬುದೊಂದೇ. ಆದರೂ ಉಸಿರು ಬಿಟ್ಟಳು. ಸೊಂಟ ಸಡಿಲವಾದ ಮೇಲೆ ವಿಮಲಾಬೆನ್ ಮುರುಕು ಹಿಂದಿಯಲ್ಲಿ, ನಾಳೆ ಬೆಳಿಗ್ಗೆ ತಮ್ಮ ಜೊತೆ ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್‌ಗೆ ಬರಬೇಕೆಂದೂ, ಅಲ್ಲಿ ಯೋಗ ಕಲಿಸುವವರು 'ನಿಮ್ಮ ಕಡೆಯವರೇ' ಎಂದೂ ಹೇಳಿದರು. ಮರುದಿನ ಬಾಗಿಲು ತಟ್ಟಿ ಕೈಹಿಡಿದು ಕರೆದುಕೊಂಡು ಹೋದವರೂ ಅವರೇ.

ಕಲಿಸುತ್ತಿದ್ದವರು ಕುಂದಾಪುರದ ಯಶೋದಾ. ಗಂಡನಿಗೆ ಸ್ಟೇಷನ್ ಹತ್ತಿರ ಉಡುಪಿ ಹೋಟೆಲು. ಬೆಳಗಿನ ಇಡ್ಲಿಗೆ ಏರ್ಪಾಟು ಮಾಡಿಟ್ಟು, ತಾಪಿ ನದಿಯ ಸೇತುವೆ ದಾಟಿ ಬಂದು ಹೆಂಗಸರಿಗೆ ಆಸನ ಹೇಳಿಕೊಡುತ್ತಿದ್ದರು. ನಳಿನಿ ಮೊದಲ ದಿನ ಮುಂದಕ್ಕೆ ಬಾಗಿದಾಗ ಬೆರಳು ಮೊಣಕಾಲಿಗೇ ನಿಂತಿತು.

"ನಿನ್ನ ಕೈ ಅಲ್ಲೇ ಬಾಡಿಗೆಗೆ ಕೂತಿದ್ದಾ ಮಾರಾಯ್ತಿ? ಸ್ವಲ್ಪ ಕೆಳಗೆ ಇಳೀಲಿಕ್ಕೆ ಹೇಳು."

"ಇಳೀವಲ್ದು ಯಶೋದಕ್ಕಾ. ಏನ್ ಮಾಡ್ಲಿ?"

"ಎಂಥದೂ ಮಾಡ್ಬೇಡ. ಹಿಟ್ಟು ಹುಳಿ ಬರುವ ಮುಂಚೆ ಇಡ್ಲಿ ಬೇಯಿಸಿದ್ರೆ ಕಲ್ಲಾಗ್ತದೆ. ಹಾಗೇ ಇದೂ."

ಹಿಟ್ಟು ಹುಳಿ ಬರಲು ಒಂದು ವರ್ಷವೇ ಹಿಡಿಯಿತು. ಬೆರಳು ಮೊದಲು ಪಾದ ಮುಟ್ಟಿತು, ಆಮೇಲೆ ನೆಲ ಮುಟ್ಟಿತು. ಸೊಂಟದ ನೋವು ಹೋದದ್ದು ಯಾವಾಗ ಎಂಬುದೇ ಅವಳಿಗೆ ತಿಳಿಯಲಿಲ್ಲ. ಭಾಷೆ ಬಾರದ ಊರಿನಲ್ಲಿ ಹಗಲೆಲ್ಲ ಕಿಟಕಿಯ ಬಳಿ ಕೂತಿರುತ್ತಿದ್ದವಳಿಗೆ ಬೆಳಗಿನ ಆ ಒಂದು ತಾಸು ದಿನದ ಊಟಕ್ಕಿಂತ ಹೆಚ್ಚಾಯಿತು. ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಿಕೊಡಬೇಕೆಂಬ ಆಸೆಯೂ ಹುಟ್ಟಿತು. ಅಷ್ಟರಲ್ಲಿ ಯಶೋದಕ್ಕನ ಗಂಡ ಊರಾಚೆಯ ಸಚಿನ್ ಎಂಬಲ್ಲಿ, ಕಾರ್ಖಾನೆಗಳ ಬಳಿ, ಎರಡನೆಯ ಹೋಟೆಲು ತೆರೆದರು. ಸಂಸಾರವೂ ಅತ್ತ ಹೋಗುವುದೆಂದಾಯಿತು. ಅಡಾಜಣ್‌ನ ಕ್ಲಾಸನ್ನು ನಳಿನಿಗೆ ಕೊಡಬೇಕೆಂದು ಯಶೋದಕ್ಕ ನಿಶ್ಚಯಿಸಿದರು. ಆದರೆ ಅವರ ಗುರುಗಳಾದ ವಡೋದರಾದ ದವೆ ಮಾಸ್ತರರು ಬಂದು, ಅವಳು ಕಲಿಸುವುದನ್ನು ಕಣ್ಣಾರೆ ನೋಡಿ, ಆಗಬಹುದು ಎನ್ನಬೇಕಿತ್ತು.

ಮಾಸ್ತರರು ಬರಲು ಒಪ್ಪಿದ ದಿನ ಪರ್ಯುಷಣದ ನಡುವೆ ಬಿತ್ತು. ಮಳೆಗಾಲದ ಕೊನೆಗೆ ಬರುವ ಜೈನರ ಆ ಎಂಟು ದಿನಗಳಲ್ಲಿ ವಿಮಲಾಬೆನ್ ಆ ವರ್ಷ ಅಠಾಯಿ ಹಿಡಿದಿದ್ದರು. ನಮ್ಮ ಏಕಾದಶಿಯ ಹಾಗೆ ಹಣ್ಣು ಹಾಲುಗಳ ಉಪವಾಸವಲ್ಲ ಅದು. ಎಂಟು ದಿನವೂ ಅನ್ನವಿಲ್ಲ, ಹಣ್ಣಿಲ್ಲ. ಕಾಸಿ ಆರಿಸಿದ ನೀರು ಮಾತ್ರ, ಅದೂ ಹೊತ್ತು ಮುಳುಗುವವರೆಗೆ. ಮದುವೆಯಾಗಿ ಬಂದಾಗಿನಿಂದ ಅವರಿಗೆ ಆ ಆಸೆ. ಬಾಣಂತನ, ಅತ್ತೆಯ ಕಾಯಿಲೆ, ಗಂಡನ ಸಾವು, ಹೀಗೆ ಒಂದಲ್ಲ ಒಂದು ಕಾರಣಕ್ಕೆ ಮುಂದೆ ಹೋಗುತ್ತಲೇ ಬಂದಿತ್ತು. ಈ ಸಲ ಮಗ ಕಿಶೋರ್ ಉಪವಾಸ ಬಿಡಿಸುವ ಪಾರಣೆಗೆ ಅಹಮದಾಬಾದಿನ ನೆಂಟರನ್ನೆಲ್ಲ ಕರೆದಿದ್ದ.

ಯಶೋದಕ್ಕ ಮೊದಲೇ ಎಚ್ಚರಿಸಿದ್ದರು. "ಉಪವಾಸದವರು ಬಂದ್ರೆ ಗೋಡೆ ಹತ್ರ ಕೂರಿಸು. ಕೂತು ನೋಡ್ಲಿ, ಸಾಕು. ನಿಲ್ಲುವ ಆಸನ ಯಾವುದೂ ಬೇಡ, ಗೊತ್ತಾಯ್ತಲ್ಲ?"

"ಗೊತ್ತಾತು ಅಕ್ಕಾ."

ವಿಮಲಾಬೆನ್ ಬಂದರು. ತುಟಿ ಒಣಗಿತ್ತು, ಕಣ್ಣಿನಲ್ಲಿ ಮಾತ್ರ ನಗೆ ಇತ್ತು. "ನೀನು ಪಾಸಾಗೋದನ್ನು ನಾನು ನೋಡ್ಬೇಡವಾ?" ಎಂದು ಗೋಡೆಯ ಬಳಿ ಚಾಪೆ ಹಾಸಿಕೊಂಡು ಕೂತರು.

ಕ್ಲಾಸ್ ಶುರುವಾಯಿತು. ಎದುರಿಗೆ ಕುರ್ಚಿಯಲ್ಲಿ ದವೆ ಮಾಸ್ತರರು, ಪಕ್ಕದಲ್ಲಿ ಯಶೋದಕ್ಕ. ಉಸಿರಾಟ, ಕೂತು ಮಾಡುವ ಆಸನಗಳು ಹೇಗೋ ಮುಗಿದವು. ಒಂಟಿಕಾಲಿನಲ್ಲಿ ನಿಲ್ಲುವ ವೃಕ್ಷಾಸನಕ್ಕೆ ಬಂದಾಗ ಹೆಂಗಸರ ಸಾಲು ಹಗ್ಗದ ಮೇಲೆ ಗಾಳಿಗೆ ಸಿಕ್ಕ ಬಟ್ಟೆಯಂತಾಯಿತು. ಒಬ್ಬಳು ಜಾರಿದಳು, ಇನ್ನೊಬ್ಬಳು ಅವಳನ್ನು ಹಿಡಿದಳು, ಮೂವರು ಕಿಸಕ್ಕನೆ ನಕ್ಕರು. ಮಾಸ್ತರರು ಕಿಟಕಿಯ ಆಚೆ ನೋಡತೊಡಗಿದರು. ಆ ಆಸನದಲ್ಲಿ ಕಂಬದಂತೆ ನಿಲ್ಲುವವರು ಅಲ್ಲಿ ಒಬ್ಬರೇ. ನಳಿನಿಯ ಕಣ್ಣು ಗೋಡೆಯ ಕಡೆ ತಿರುಗಿತು. ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಹುಬ್ಬು ಮಾತ್ರ ಸ್ವಲ್ಪ ಮೇಲೆದ್ದಿತು.

ವಿಮಲಾಬೆನ್‌ಗೆ ಅರ್ಥವಾಯಿತು. ಎದ್ದರು. ಒಂದು ಕಾಲನ್ನು ಮಡಿಸಿ ತೊಡೆಗೆ ಒತ್ತಿ, ಎರಡೂ ಕೈಗಳನ್ನು ತಲೆಯ ಮೇಲೆ ಜೋಡಿಸಿದರು. ಮಾಸ್ತರರು ಕುರ್ಚಿಯಿಂದ ಮುಂದೆ ಬಾಗಿದರು. ನಳಿನಿ ಅವರ ಮೆಚ್ಚುಗೆಯನ್ನು ಕಂಡಳು. ವಿಮಲಾಬೆನ್ನರ ತುಟಿ ಬಿಳಿಚಿಕೊಂಡದ್ದನ್ನೂ, ನಿಂತ ಕಾಲು ಸಣ್ಣಗೆ ನಡುಗಿದ್ದನ್ನೂ ಕಂಡಳು. ಕಾಲು ಇಳಿಸಿ ಎನ್ನಬೇಕಿತ್ತು.

"ಇನ್ನೊಂದು ಉಸಿರು" ಎಂದಳು.

ವಿಮಲಾಬೆನ್ ಆ ಉಸಿರು ತೆಗೆದುಕೊಳ್ಳಲಿಲ್ಲ. ಪಕ್ಕಕ್ಕೆ ಬಿದ್ದರು, ಮಣಿಕಟ್ಟು ಮೈಯಡಿ ಸಿಕ್ಕಿತು. ಎಲ್ಲರೂ ಓಡಿ ಬಂದರು. "ಎಬ್ಬಿಸಿದ್ದು ಯಾರು ಇವರನ್ನ?" ಎಂದು ಯಶೋದಕ್ಕ ಕೂಗಿದರು. ನೆಲದ ಮೇಲಿನಿಂದ ವಿಮಲಾಬೆನ್, ನೋವಿಗೆ ಕಣ್ಣು ಮುಚ್ಚಿಕೊಂಡೇ, ಹೇಳಿದರು:

"ಯಾರೂ ಅಲ್ಲ. ನಾನೇ ಎದ್ದೆ. ನಳಿನಿ ಕೂತಿರಿ ಅಂದಿದ್ದಳು. ನನಗೇ ಚಪಲ."

ನಳಿನಿ ಗೋಡೆಯ ಬಳಿಯ ಚಾಪೆಯನ್ನು ತಂದು ಮಡಿಸಿ, ಅವರ ತಲೆಯ ಕೆಳಗೆ ಇಟ್ಟಳು.

ಆಸ್ಪತ್ರೆಯಲ್ಲಿ ರಕ್ತದೊತ್ತಡ ಕುಸಿದಿದೆ ಎಂದರು. ಕಿಶೋರ್ ತಾಯಿಯ ಮಾತು ಕೇಳಲಿಲ್ಲ. ಕೈಗೆ ಗ್ಲೂಕೋಸ್ ಏರಿತು, ಬಾಯಿಗೆ ಮಾತ್ರೆ ಹೋಯಿತು. ಇನ್ನೆರಡು ದಿನಗಳಲ್ಲಿ ಮುಗಿಯಬೇಕಿದ್ದ ಅಠಾಯಿ ಅಲ್ಲಿಗೆ ಮುರಿಯಿತು. ಬರಬೇಡಿರೆಂದು ಅಹಮದಾಬಾದಿಗೆ ಫೋನು ಹೋಯಿತು. ಊರಿಗೆ ಹೊರಡುವ ಮುನ್ನ ದವೆ ಮಾಸ್ತರರು ನಳಿನಿಯ ತಲೆಯ ಮೇಲೆ ಕೈಯಿಟ್ಟು, "ಕಲಿಸುವವರ ಮಾತು ಮೀರಿದರೆ ಹೀಗೇ ಆಗುವುದು. ನಿನ್ನ ತಪ್ಪಿಲ್ಲ. ಕ್ಲಾಸ್ ನಡೆಸು" ಎಂದರು.

ಸಂಜೆ ಹಯವದನ ಬಂದವನೇ ಕೇಳಿದ. "ಪಾಸಾದಿ ಅಂತಲ್ಲ? ಮತ್ಯಾಕ ಮಾರಿ ಹಿಂಗ ಮಾಡೀದಿ?"

"ವಿಮಲಾಬೆನ್ ಅವರ ಕೈ ಮುರದದ."

"ಅವರೇ ಎದ್ದು ನಿಂತ್ರಂತ?"

"ಹೂಂ" ಎಂದಳು ನಳಿನಿ.

ಗಣೇಶ ಚೌತಿಯ ದಿನವೇ ಆ ವರ್ಷ ಪರ್ಯುಷಣದ ಕೊನೆಯ ದಿನವೂ ಆಗಿತ್ತು. ಅಂದು ಜೈನರು ಮನೆ ಮನೆಗೆ ಹೋಗಿ ಕ್ಷಮೆ ಕೇಳುತ್ತಾರೆ. ನಳಿನಿ ಕಡುಬಿಗೆ ಹೂರಣ ತುಂಬುತ್ತಿದ್ದಾಗ ಬಾಗಿಲು ಸದ್ದಾಯಿತು. ನೋಡಿದರೆ ವಿಮಲಾಬೆನ್. ಬಲಗೈ ಪ್ಲಾಸ್ಟರಿನಲ್ಲಿ, ಕುತ್ತಿಗೆಯಿಂದ ಜೋತುಬಿದ್ದಿತ್ತು. ಎರಡು ಕೈ ಜೋಡಿಸಲಾಗದೆ, ಎಡಗೈಯನ್ನು ಪ್ಲಾಸ್ಟರಿನ ಪಕ್ಕಕ್ಕೆ ತಂದು ಹಿಡಿದರು.

"ಮಿಚ್ಛಾಮಿ ದುಕ್ಕಡಂ. ಮನಸ್ಸಿನಿಂದ, ಮಾತಿನಿಂದ, ಮೈಯಿಂದ ನಿನಗೆ ನೋವು ಮಾಡಿದ್ದರೆ ಕ್ಷಮಿಸು ಬೆನ್. ಆ ದಿನ ಎಲ್ಲರ ಎದುರಿಗೆ ಸುಳ್ಳು ಹೇಳಿದೆ. ಆ ಸುಳ್ಳಿನ ಭಾರ ನಿನ್ನ ತಲೆ ಮೇಲೆ ಬಿದ್ದಿರ್ಬೇಕು."

ಅದೇ ಮಾತನ್ನು ತಾನೂ ತಿರುಗಿ ಹೇಳಬೇಕೆಂಬುದು ನಳಿನಿಗೆ ಗೊತ್ತಿತ್ತು. ಆ ಕಟ್ಟಡದ ಮಕ್ಕಳಿಗೂ ಗೊತ್ತಿತ್ತು. ಹೂರಣದ ಕೈಯನ್ನು ಸೆರಗಿಗೆ ಒರೆಸುತ್ತ, ದಿಕ್ಕು ತೋಚದೆ ಅಚ್ಚಕನ್ನಡದಲ್ಲಿ "ಒಳಗ ಬರ್ರಿ" ಎಂದಳು. ವಿಮಲಾಬೆನ್ ತಲೆಯಾಡಿಸಿ ಪಕ್ಕದ ಮನೆಯ ಬಾಗಿಲಿಗೆ ಹೋದರು.

ಪೂಜೆಗೆ ಮಡಿಯುಟ್ಟು ನಿಂತಿದ್ದ ಹಯವದನ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಯಾವ ಸುಳ್ಳು?" ಎಂದ.

ನಳಿನಿ ಹೇಳಿದಳು. ಹುಬ್ಬು ಎತ್ತಿದ್ದು, ನಡುಗುವ ಕಾಲು ಕಂಡದ್ದು, ಇನ್ನೊಂದು ಉಸಿರು ಎಂದದ್ದು, ಏನನ್ನೂ ಬಿಡಲಿಲ್ಲ. ಒಲೆಯ ಮೇಲೆ ಎಣ್ಣೆ ಹೊಗೆಯಾಡುತ್ತಿತ್ತು.

"ನನ್ನ ಮುಂದ ಹೇಳಿ ಏನುಪಯೋಗ?" ಎಂದ ಹಯವದನ, ಮೆತ್ತಗೆ. "ನಿನ್ನ ಪಾಸ್ ಮಾಡಿದಾವ ನಾನೇನು?"

ಮರುದಿನ ಅವಳು ಒಬ್ಬಳೇ ರೈಲು ಹತ್ತಿ ವಡೋದರಾಕ್ಕೆ ಹೋದಳು. ಹಳೆಯ ಊರಿನ ಓಣಿಯ ಮನೆ. ಮಾಸ್ತರರು ಜಗಲಿಯಲ್ಲಿ ಕೂತು ಮುರಿದ ಕೊಡೆಯ ಕಡ್ಡಿಗೆ ತಂತಿ ಸುತ್ತುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದಳು.

"ಕಾಲು ನಡುಗಿದ್ದು ನೋಡಿಯೂ ಇಳಿಸಲಿಲ್ಲವೆ?"

"ಇಲ್ಲ."

"ನಾನು ನೋಡುತ್ತಿದ್ದೆನೆಂದು?"

"ಹೌದು."

ಮಾಸ್ತರರು ತಂತಿಯನ್ನು ಕೆಳಗಿಟ್ಟರು. "ನಾನೂ ಅವರ ಆಸನ ನೋಡಿದೆ, ಮುಖ ನೋಡಲಿಲ್ಲ. ನನ್ನ ಪಾಲಿನದನ್ನು ನಾನು ಹೊರುತ್ತೇನೆ. ಆದರೆ ಕ್ಲಾಸ್ ನಿನಗೆ ಬೇಡ. ಹಿಂದಿನ ಸಾಲಿನಲ್ಲಿ ಹೋಗಿ ಕೂಡು. ಎಲ್ಲಿಯವರೆಗೆ ಎಂದು ಕೇಳಬೇಡ." ಅವಳು ಕಾಲಿಗೆ ಎರಗಲು ಬಾಗಿದಾಗ ಮತ್ತೆ ಹೇಳಿದರು: "ನನಗೆ ಹೇಳಿ ಹಗುರವಾದೆ ಎಂದುಕೊಳ್ಳಬೇಡ, ಮಗಳೇ."

ಯಶೋದಕ್ಕ ಬೈದರು. "ಮಾಸ್ತರರ ಕೈಕಾಲು ಹಿಡಿದು ಕರ್ಕೊಂಡು ಬಂದದ್ದು ನಾನು! ಗೋಡೆ ಹತ್ರ ಕೂರಿಸು ಅಂತ ಹೇಳಿದ್ದೆನೋ ಇಲ್ವೋ?"

"ಹೇಳಿದ್ರಿ ಅಕ್ಕಾ."

"ಮತ್ತೆ ಇಷ್ಟು ದಿನ ಬಾಯಲ್ಲಿ ಎಂಥ ಕಡುಬು ಇಟ್ಕೊಂಡಿದ್ಯಾ?"

ಬೈದರೂ ಕ್ಲಾಸ್ ನಿಲ್ಲಿಸಲಿಲ್ಲ. ಸಚಿನ್‌ನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಅವರ ಆ ದಣಿವೂ ತನ್ನ ಲೆಕ್ಕಕ್ಕೇ ಸೇರಿದ್ದೆಂದು ನಳಿನಿಗೆ ಅನ್ನಿಸುತ್ತಿತ್ತು. ಹಿಂದಿನ ಸಾಲಿನಲ್ಲಿ ಕೂತಳು. ಹೆಂಗಸರು ಮೊದಮೊದಲು ಪಿಸುಗುಟ್ಟಿದರು. ಆಮೇಲೆ ಅದೂ ನಿಂತಿತು.

ಪ್ಲಾಸ್ಟರ್ ತೆಗೆದಾಗ ವಿಮಲಾಬೆನ್ನರ ಮಣಿಕಟ್ಟು ಮರದಂತೆ ಬಿಗಿದಿತ್ತು. ಡಾಕ್ಟರು ತೋರಿಸಿಕೊಟ್ಟ ಕಸರತ್ತು ಮಾಡಿಸಲು ನಳಿನಿ ಮಧ್ಯಾಹ್ನ ಅವರ ಮನೆಗೆ ಹೋಗತೊಡಗಿದಳು. ಬೇಡವೆಂದರೂ ಹೋದಳು. ಬಿಸಿನೀರಿನಲ್ಲಿ ಕೈ ಅದ್ದಿಸಿ, ಒಂದೊಂದೇ ಬೆರಳು ಮಡಿಸಿ ಬಿಡಿಸುವಳು. ನೋವು ಎಂದು ವಿಮಲಾಬೆನ್ ಹೇಳುವವರಲ್ಲ. ಅವರ ಕೆಳತುಟಿ ಸ್ವಲ್ಪ ಒಳಗೆ ಹೋಗುತ್ತಿತ್ತು, ಅಷ್ಟೆ. ಅದನ್ನು ಕಂಡ ಕೂಡಲೆ ನಳಿನಿ ಕೈ ಸಡಿಲಿಸುವಳು. ಆಮೇಲೆ ಅವರಿಗಾಗಿ ರೊಟ್ಟಿ ಲಟ್ಟಿಸಲು ಕೂರುವಳು.

"ಇದೇನು, ರೋಟಲಿಯೋ ನಿಮ್ಮ ಕರ್ನಾಟಕದ ನಕ್ಷೆಯೋ?"

"ತಿನ್ನೋದಕ್ಕೆ ದುಂಡಗೇ ಇರ್ಬೇಕಾ?"

"ಗುಜರಾತಿನಲ್ಲಿ ಇರ್ಬೇಕು ಬೆನ್."

ಕೈ ಬಹುಮಟ್ಟಿಗೆ ತಿರುಗಿತು. ಆದರೆ ಮರುವರ್ಷದ ಮಳೆಗಾಲದಲ್ಲಿ ವಿಮಲಾಬೆನ್ನರಿಗೆ ಸಕ್ಕರೆ ಕಾಯಿಲೆ ಇರುವುದು ಪತ್ತೆಯಾಯಿತು. ಇನ್ನು ಜನ್ಮದಲ್ಲಿ ಅಠಾಯಿಯ ಮಾತೆತ್ತಬಾರದು ಎಂದರು ಡಾಕ್ಟರು. ಹೆಸರುಕಾಳು ಆರಿಸುತ್ತ ಅವರು ಅದನ್ನು ಪೇಟೆಯ ಸುದ್ದಿಯಂತೆ ಹೇಳಿದರು. ನಳಿನಿ ಅಳತೊಡಗಿದಳು.

"ನಿನ್ನ ಅಳು ನಿನ್ನ ಹತ್ತಿರಾನೇ ಇಟ್ಕೋ" ಎಂದರು ವಿಮಲಾಬೆನ್, ಮೊದಲ ಬಾರಿಗೆ ಗಡುಸಾಗಿ. "ಕ್ಷಮಿಸಿದ್ದೀನಿ. ಮರೆತಿದ್ದೀನಿ ಅಂತ ಹೇಳಲ್ಲ. ಒಂದು ಸಲ ಸುಳ್ಳು ಹೇಳಿ ಸಾಕಾಗಿದೆ. ನನ್ನ ಅಠಾಯಿ ಹೋಯ್ತು. ನಿನ್ನ ಕ್ಲಾಸೂ ಹೋದರೆ ಲಾಭ ಆಗಿದ್ದು ಯಾರಿಗೆ? ಇಂಥ ವ್ಯಾಪಾರ ನಮ್ಮ ಮನೇಲಿ ಯಾರೂ ಮಾಡಿಲ್ಲ. ಈ ಕೈಗೆ ಕಲಿಸಿದ ಹಾಗೆ ಬೇರೆಯವರಿಗೂ ಕಲಿಸು."

ನಳಿನಿಗೆ ಹೇಳದೆ ಅವರೇ ಯಶೋದಕ್ಕನಿಗೂ ಮಾತು ಮುಟ್ಟಿಸಿದರು. ಯಶೋದಕ್ಕ ವಡೋದರಾಕ್ಕೆ ಮುಟ್ಟಿಸಿದರು. ದೀಪಾವಳಿ ಕಳೆದ ಮೇಲೆ ಮಾಸ್ತರರು ಮತ್ತೊಮ್ಮೆ ಬಂದರು. ಈ ಸಲ ನಳಿನಿ ಅವರ ಕಡೆ ನೋಡಲೇ ಇಲ್ಲ. ಕುಂಟುತ್ತಿದ್ದ ಮುದುಕಿಯೊಬ್ಬಳನ್ನು ಕುರ್ಚಿಯಲ್ಲಿ ಕೂರಿಸಿ ಕೈ ಎತ್ತಿಸುತ್ತಿದ್ದಾಗ ಮಾಸ್ತರರು ಯಾವಾಗಲೋ ಎದ್ದು ಹೋಗಿದ್ದರು. "ನಾಳೆಯಿಂದ ನಾನು ಬರುವುದಿಲ್ಲ, ನೀನೇ ನೋಡ್ಕೋ" ಎಂದರು ಯಶೋದಕ್ಕ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಅವಳಿಗೂ ಬೇಕಿರಲಿಲ್ಲ.

ಈಗ ತೊಂಬತ್ತೊಂಬತ್ತು. ನಳಿನಿ ಬೆಳಿಗ್ಗೆ ಅಡಾಜಣ್‌ನಲ್ಲಿ, ವಾರದಲ್ಲಿ ಕೆಲವು ಮಧ್ಯಾಹ್ನ ಹಜೀರಾದ ಕಂಪನಿ ಕಾಲೊನಿಯಲ್ಲಿ ಕಲಿಸುತ್ತಾಳೆ. ಎದುರಿಗೆ ನಿಂತು ಮಾಡಿ ತೋರಿಸುವುದು ಕಡಮೆ. ಸಾಲುಗಳ ನಡುವೆ ಮುಖಗಳನ್ನು ನೋಡುತ್ತ ಓಡಾಡುತ್ತಾಳೆ. ನೋಡಲು ಬಂದವರನ್ನು ಒಳಗೆ ಬಿಡುವುದಿಲ್ಲ. ಜಂಬ ಎನ್ನುವವರು ಎನ್ನುತ್ತಾರೆ. ಪರ್ಯುಷಣದ ಎಂಟು ದಿನ ಕ್ಲಾಸಿಗೆ ರಜೆ. ಆ ದಿನಗಳಲ್ಲಿ ಅಠಾಯಿ ಹಿಡಿದವರ ಮನೆಗಳಿಗೆ ಹೋಗಿ ನೀರು ಕಾಸಿ, ಅಗಲವಾದ ಪಾತ್ರೆಯಲ್ಲಿ ಆರಲು ಬಿಟ್ಟು, ಆರುವವರೆಗೆ ಅವರ ಅಂಗಾಲು ಒತ್ತುತ್ತಾಳೆ. ಎಲ್ಲರೂ ಪಾರಣೆಗೆ ಕರೆಯುತ್ತಾರೆ. ಹೆಸರುಬೇಳೆಯ ನೀರಿನ ಮೊದಲ ಚಮಚವನ್ನು ನೀವೇ ಕುಡಿಸಿ ಎನ್ನುತ್ತಾರೆ. ವಿಮಲಾಬೆನ್ನರಿಗೆ ಸಿಗದೇ ಹೋದ ಆ ಪಾರಣೆಗೆ ಅವಳು ಹೋಗುವುದಿಲ್ಲ. ಆ ಹೊತ್ತಿಗೆ ಕೆಳಗಿನ ಹಾಲ್‌ನ ಬೀಗ ತೆಗೆದು ಕಸ ಗುಡಿಸುತ್ತಿರುತ್ತಾಳೆ.