ಹೆಬ್ಬೆರಳ ಶಾಯಿ

ಅವರ ಕರಿ ಕೋಟಿನ ಬಲಜೇಬಿನ ಮೇಲೆ ಅಂಗೈಯಗಲ ಎಣ್ಣೆ ಕಲೆ. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ತಿಪಟೂರಿನಲ್ಲಿ ನೋಟರಿಯಾಗಿದ್ದ ಆ ವಕೀಲರು ಸೀಲು, ಇಂಕ್ ಪ್ಯಾಡಿನ ಜೊತೆ ಕೊಬ್ಬರಿ ಎಣ್ಣೆಯ ಪುಟ್ಟ ಸೀಸೆಯನ್ನೂ ಇಟ್ಟುಕೊಂಡು ತಿರುಗುತ್ತಿದ್ದರು. ಉಯಿಲು ಬರೆಸಲು ಆಸ್ಪತ್ರೆಗೆ ಕರೆದರೆ ಮಳೆ ಬಿಸಿಲು ನೋಡದೆ ಹಳೇ ಸ್ಕೂಟರಿನಲ್ಲಿ ಬರುವರು. ಬಂದವರೇ ಮಂಚದ ಸುತ್ತ ನಿಂತ ನೆಂಟರನ್ನೆಲ್ಲ ಗದರಿಸಿ ಆಚೆಗೆ ಕಳಿಸುವರು.

ನಮ್ಮವ್ವ ಕಡೆಯ ಸಲ ಆಸ್ಪತ್ರೆಯಲ್ಲಿ ಮಲಗಿದಾಗ ಅವಳಿಗೆ ಇದ್ದದ್ದು ಒಂದೇ ಚಿಂತೆ. ದಬ್ಬೇಘಟ್ಟದ ಬಾವಿ ತೋಟ ನನ್ನ ತಂಗಿಗೆ ಸೇರಬೇಕು. ಗಂಡ ಬಿಟ್ಟ ಮೇಲೆ ತಂಗಿ ಆ ತೋಟದಲ್ಲೇ ಇದ್ದು ಅವ್ವನನ್ನು ನೋಡಿಕೊಂಡಿದ್ದಳು. ಅಣ್ಣ ಒಪ್ಪಿರಲಿಲ್ಲ. ಉಯಿಲು ಮಾಡಿಸಲು ನಾನೇ ಹೋಗಿ ವಕೀಲರನ್ನು ಕರೆತಂದೆ. ಕರೆತಂದವಳೆಂದು ನನಗೇನೂ ರಿಯಾಯಿತಿ ಸಿಗಲಿಲ್ಲ.

"ನೀನೂ ನಡಿಯಮ್ಮ ಆಚೆಗೆ. ಅವ್ರ ಮನಸ್ಸಲ್ಲಿರೋದು ಅವ್ರ ಬಾಯಲ್ಲೇ ಬರ್ಲಿ."

ಡಾಕ್ಟರು, ನರ್ಸಮ್ಮ ಸಾಕ್ಷಿ. ಬಾಗಿಲಾಚೆಗೂ ಅವ್ವನ ದನಿ ಕೇಳಿತು: "ಚಿಕ್ಕೋಳ್ಗೇ ಕಣಪ್ಪ." ನಾನು ಒಳಗೆ ಹೋದಾಗ ವಕೀಲರು ಸೀಸೆ ತೆಗೆದು, ಅವಳ ಹೆಬ್ಬೆರಳ ಶಾಯಿಯನ್ನು ತಾವೇ ಒರೆಸುತ್ತಿದ್ದರು.

"ಶಾಯಿ ಕಂಡ್ರೆ ಹೆಣದ ಕೈಲಿ ಒತ್ತುಸ್ಕೊಂಡ್ರು ಅಂತಾರೆ ಕಣಮ್ಮ. ಜೀವ ಇರೋ ಬೆರಳು ಬೆಚ್ಚಗಿರ್ತದೆ, ಎಣ್ಣೆ ಹಾಕುದ್ರೆ ಬುಟ್ಟೋಯ್ತದೆ. ತಣ್ಣಗಾದ್ಮೇಲೆ ಒತ್ತಿಸಿದ್ದು ಏನ್ ಮಾಡುದ್ರೂ ಬುಡಲ್ಲ."

ಬೆಳಗಾಗುವಷ್ಟರಲ್ಲಿ ಅವ್ವ ಹೋದಳು. ಅಣ್ಣ ಬಂದವನು ಅವಳ ಮುಖ ನೋಡಲಿಲ್ಲ, ಹೊದಿಕೆ ಸರಿಸಿ ಹೆಬ್ಬೆರಳು ನೋಡಿದ. ಶಾಯಿಯ ಗುರುತೇ ಇರಲಿಲ್ಲ. ಅಲ್ಲಿಗೆ ಅವನ ಬಾಯಿ ಕಟ್ಟಿತು. ತಂಗಿ ಇವತ್ತಿಗೂ ಆ ತೋಟದಲ್ಲೇ ಇದ್ದಾಳೆ.

ಹೋದ ವರ್ಷ ಕೋರ್ಟಿನಲ್ಲೇ ಕುಸಿದ ವಕೀಲರನ್ನು ಅದೇ ಆಸ್ಪತ್ರೆಗೆ ಸೇರಿಸಿದರು. ಸುದ್ದಿ ತಿಳಿದು ನಾನು ಓಡುವಷ್ಟರಲ್ಲಿ ಮುಗಿದುಹೋಗಿತ್ತು. ಮಂಚದ ಪಕ್ಕ ಅವರ ಮಗ ಒಬ್ಬನೇ ನಿಂತಿದ್ದ, ಕೈಯಲ್ಲಿ ಮಡಚಿದ ಕಾಗದ. ಜೀವಮಾನವಿಡೀ ಸಹಿ ಹಾಕಿದ ಮನುಷ್ಯನ ಹೆಬ್ಬೆರಳು ನೀಲಿಯಾಗಿತ್ತು.

ಕೋಟು ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಜೇಬಿಗೆ ಕೈಹಾಕಿ ಸೀಸೆ ತೆಗೆದೆ. ಎಣ್ಣೆ ಸುರಿದು ಉಜ್ಜಿದೆ, ಮತ್ತೆ ಸುರಿದು ಉಜ್ಜಿದೆ. ಶಾಯಿ ಬಿಡಲಿಲ್ಲ.

"ಸಾಕು ಬುಡಿ ಅಕ್ಕಾ," ಎಂದ ಮಗ. ನನ್ನ ಮುಖ ನೋಡಲಿಲ್ಲ.

ಈಗಲೂ ತಲೆಗೆ ಎಣ್ಣೆ ಹಚ್ಚಿಕೊಳ್ಳುವಾಗೆಲ್ಲ ಆ ತಣ್ಣನೆಯ ಬೆರಳು ಕೈಗೆ ಸಿಕ್ಕಂತಾಗುತ್ತದೆ. ನಮ್ಮವ್ವನ ಮಾತು ಉಳಿಸಿದವರು ಅವರು. ಅವರ ಮನಸ್ಸಲ್ಲಿ ಏನಿದೆಯೆಂದು ಕೇಳಲು, ಮಗನನ್ನು ಗದರಿಸಿ ಆಚೆಗೆ ಕಳಿಸಲು, ಆ ಕೋಣೆಯಲ್ಲಿ ಯಾರೂ ಇರಲಿಲ್ಲ.