ನಮ್ಮ ಅತ್ತೆ ಇಂಗ್ಲೆಂಡಿನ ಸಾಲಿ ನೋಡಿದ್ದು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಹನ್ನೊಂದು ವರ್ಷ ಅತಿಥಿ ಶಿಕ್ಷಕಿಯಾಗಿ ದುಡಿದು ನೋಡಲಿ, ಅವರಿಗೂ ಬರುತ್ತದೆ. ಜೂನ್‌ನಲ್ಲಿ ಕರೆಯುತ್ತಾರೆ, ಏಪ್ರಿಲ್ ಬಂತೆಂದರೆ ಬಿಡಿಸುತ್ತಾರೆ. ಮತ್ತೆ ಜೂನ್ ಬಂದರೆ ಅದೇ ಅರ್ಜಿ, ಅದೇ ಫೋಟೋ. ಹೊಸಬಳ ಹಾಗೆ ಕೈ ಕಟ್ಟಿ ನಿಲ್ಲಬೇಕು. ಕುಂದಗೋಳ ತಾಲೂಕಿನ ನಮ್ಮ ಹಳ್ಳಿಯಿಂದ ಕುಬಿಹಾಳದ ಕಡೆ ಹೋಗುವ ಬಸ್ಸು ಹಿಡಿದು, ಇಳಿದ ಮೇಲೆ ಇನ್ನೊಂದು ಮೈಲಿ ಎರೆಮಣ್ಣಿನ ದಾರಿಯಲ್ಲಿ ನಡೆದರೆ ಆ ಹೈಸ್ಕೂಲು. ಗಣಿತ ಕಲಿಸುವುದೆಂದರೆ ನನಗೆ ಜೀವ. ಆದರೆ ಸರಕಾರಿ ನೌಕರಿಯ ವಯಸ್ಸು ದಾಟಿಹೋಗಿತ್ತು. ಖಾಯಂ ಟೀಚರ್ ಅನ್ನಿಸಿಕೊಳ್ಳುವ ಆಸೆಯನ್ನು ನಾನು ಮಡಚಿ ಟ್ರಂಕಿನ ತಳಕ್ಕೆ ಹಾಕಿಬಿಟ್ಟಿದ್ದೆ.

ಅಂಥದ್ದರಲ್ಲಿ ಒಂದು ದಿನ ನನ್ನ ಗಂಡ ಟ್ರ್ಯಾಕ್ಟರ್ ನಿಲ್ಲಿಸಿ, ಕೈ ಸಹ ತೊಳೆಯದೆ ಮೊಬೈಲ್ ಹಿಡಿದು ಒಳಗೆ ಬಂದರು.

"ಇಂಗ್ಲೆಂಡಿನ್ಯಾಗ ಗಣಿತದ ಮಾಸ್ತರು ಸಿಗವಲ್ಲರಂತ. ಹೊರದೇಶದಿಂದ ಕರಿಸ್ಕೋತಾರಂತ. ನೀನೂ ಅರ್ಜಿ ಹಾಕು."

ನಾನು ಬಿದ್ದೂ ಬಿದ್ದೂ ನಕ್ಕೆ. ಕುಬಿಹಾಳದ ಬಸ್ಸಿನಲ್ಲೇ ನನಗೆ ಸೀಟು ಸಿಗುವುದಿಲ್ಲ, ಇಂಗ್ಲೆಂಡಿನಲ್ಲಿ ಸಿಗುತ್ತದೆಯೇ! ಆದರೂ ಹಾಕಿದೆ. ಹುಬ್ಬಳ್ಳಿಯ ಒಂದು ಏಜೆನ್ಸಿಯವರು ಕಾಗದಪತ್ರ ನೋಡಿದರು, ಇಂಗ್ಲಿಷ್ ಪರೀಕ್ಷೆಗೆ ಕೂರಿಸಿದರು, ಪಾಸಾದೆ. ಕೊನೆಗೆ ಸಮುದ್ರದ ಬದಿಯ ಒಂದು ಊರಿನ ಶಾಲೆ ನನ್ನ ಅರ್ಜಿಯನ್ನು ಮೆಚ್ಚಿತು. ಇನ್ನು ಉಳಿದದ್ದು ವಿಡಿಯೋ ಸಂದರ್ಶನ ಒಂದೇ. ಅದರಲ್ಲಿ ಹದಿನೈದು ನಿಮಿಷ ಪಾಠ ಮಾಡಿ ತೋರಿಸಬೇಕು, ಎದುರಿಗೆ ವಿದ್ಯಾರ್ಥಿಗಳಿದ್ದರೆ ಒಳ್ಳೆಯದು ಎಂದು ಬರೆದಿದ್ದರು. ಗಂಡ, ಮಗಳು ಇಬ್ಬರೂ ನನ್ನ ಜೊತೆ ಬರಬಹುದಿತ್ತು. ನಿಜ ಹೇಳುತ್ತೇನೆ, ಆ ಕೆಲಸ ನನಗೆ ಬೇಕೇ ಬೇಕಾಗಿತ್ತು. ಅಷ್ಟು ಆಸೆ ನಾನು ಮದುವೆಯ ಸೀರೆಗೂ ಪಟ್ಟವಳಲ್ಲ.

ಆದರೆ ನಮ್ಮ ಅತ್ತೆ 'ಹೂಂ' ಅಂದಿರಲಿಲ್ಲ. 'ಉಹೂಂ' ಅಂತಲೂ ಅಂದಿರಲಿಲ್ಲ. ಮೂರನೆಯ ಇಯತ್ತೆ ಓದಿದ ಆ ಹೆಂಗಸಿನ ಮಾತು ಬಾರದೆ ನಮ್ಮ ಮನೆಯಲ್ಲಿ ಬೀಜದ ಚೀಲ ಸಹ ಬಿಚ್ಚುವುದಿಲ್ಲ. ಸಂದರ್ಶನದ ಹಿಂದಿನ ದಿನ ಕೇಳಿದರು:

"ಅವರು ನಿನ್ನ ನೋಡ್ತಾರ, ಖರೆ. ನಾವು ಅವರ ಮನಿ ನೋಡೂದು ಯಾವಾಗ?"

"ಮನಿ ಅಲ್ರೀ ಅತ್ತಿ, ಸಾಲಿ."

"ಯಾವದರ ಇರಲಿಬೇ. ನಿನ್ನ ನೋಡಾಕ ನಾವು ಬಂದು ಹ್ವಾದಮ್ಯಾಲ ನಿಮ್ಮಪ್ಪ ನಮ್ಮ ಮನಿ ನೋಡಾಕ ಬಂದಿದ್ದ. ಅಡಗಿಮನಿ ನೋಡಿದ, ಬಚ್ಚಲಾ ನೋಡಿದ, ದನಾ ಮೈ ಹಿಡದಾವೋ ಇಲ್ಲೋ ಅಂತ ಗ್ವಾದ್ಲಿಗೂ ಹೋಗಿ ಬಂದ. ಆಮ್ಯಾಲ ಹೂಂ ಅಂದ. ನಾ ಏನ ನೋಡಿ ಹೂಂ ಅನ್ನಲಿ?"

ನನಗೆ ಸಿಟ್ಟು ಬಂತು, ದಡದಡ ಅಡುಗೆಮನೆಗೆ ನಡೆದೆ.

ಮರುದಿನ ಸಂಜೆ ನಾಲ್ಕೂವರೆಗೆ ಕರೆ. ಅಲ್ಲಿ ಆಗ ಮಧ್ಯಾಹ್ನ ಹನ್ನೆರಡು. ಏಪ್ರಿಲ್ ಕೊನೆ, ಶಾಲೆಗೆ ರಜೆ ಬಿದ್ದು ಹುಡುಗರೆಲ್ಲ ಅಜ್ಜಿಯ ಊರು ಸೇರಿದ್ದರು. ವಿದ್ಯಾರ್ಥಿಗಳನ್ನು ಎಲ್ಲಿಂದ ತರಲಿ ಎಂದು ನಾನು ಚಡಪಡಿಸುತ್ತಿದ್ದರೆ ಅತ್ತೆ ಹಿತ್ತಲಿಗೆ ನಡೆದರು. ಅಲ್ಲಿ ಐದಾರು ಹೆಂಗಸರು ಮೆಣಸಿನಕಾಯಿ ರಾಶಿಯ ಸುತ್ತ ಕುಳಿತು ತೊಟ್ಟು ಬಿಡಿಸುತ್ತಿದ್ದರು.

"ಏಳ್ರೆವಾ, ಕೈ ತೊಳ್ಕೊಂಬರ್ರಿ. ಸಾಲಿ ಕಲಿಯೂದೈತಿ."

ಅವರ ನಗು ಓಣಿಯ ತುದಿಯವರೆಗೂ ಕೇಳಿಸಿರಬೇಕು. ಜೊತೆಗೆ ನನ್ನ ನೆಗೆಣ್ಣಿಯನ್ನೂ ಕೂರಿಸಿದರು. ಅವಳು ನನ್ನ ಮೈದುನನ ಹೆಂಡತಿ. ಬಿಎಸ್ಸಿ, ಬಿ.ಎಡ್ ಮುಗಿಸಿ ನಮ್ಮ ಮನೆಗೆ ಬಂದವಳು, ಬಂದ ಮೇಲೆ ಚಾಕ್‌ಪೀಸು ಮುಟ್ಟಿರಲಿಲ್ಲ. ಮಾತು ಕಡಿಮೆ. ಹೆಂಗಸರ ಹಿಂದೆ ಸೆರಗು ಹೊದ್ದು ಕುಳಿತಳು.

ಹಿತ್ತಲಲ್ಲೇ ನೆಟ್‌ವರ್ಕ್ ಚೆನ್ನಾಗಿ ಬರುತ್ತಿತ್ತು. ಜೋಳದ ಕಣಿಕೆಯ ಬಣವಿ ಅಲ್ಲೇ ಇತ್ತು, ಬಿಸಿಲು ವಾಲಿ ಅದರ ನೆರಳು ಅಂಗಳಕ್ಕೆ ಬಿದ್ದಿತ್ತು. ಅದನ್ನೇ ಪಾಠ ಮಾಡಿಕೊಂಡೆ: ಏಣಿ ಹತ್ತದೆ ಬಣವಿಯ ಎತ್ತರ ಕಂಡುಹಿಡಿಯುವುದು. ಗಂಡ ಮೊಬೈಲನ್ನು ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಇಟ್ಟು ಹಿಡಿದರು. ಪರದೆಯ ಮೇಲೆ ಮೂವರು ಕಾಣಿಸಿದರು. ನಡುವೆ ಇದ್ದವರು ಆ ಶಾಲೆಯ ಮುಖ್ಯೋಪಾಧ್ಯಾಯಿನಿ, ನೆರೆಗೂದಲು, ಕೊರಳಲ್ಲಿ ಬೀಗದ ಕೈಗಳ ದಾರ.

ಮೂರು ಅಡಿಯ ಕೋಲು ನಿಲ್ಲಿಸಿ ಅದರ ನೆರಳು ಅಳೆಸಿದೆ. ಐದು ಅಡಿ. ಬಣವಿಯ ಬುಡದಿಂದ ಅದರ ನೆರಳಿನ ತುದಿಯವರೆಗೆ ಅಳೆಸಿದೆ. ಹದಿನೈದು ಅಡಿ. ಐದಕ್ಕೆ ಮೂರಾದರೆ ಹದಿನೈದಕ್ಕೆ ಎಷ್ಟು? ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಕನ್ನಡದಲ್ಲಿ ಕೇಳಿದೆ. "ಒಂಬತ್ತು!" ಎಂದು ನಾನೇ ಹೇಳಿದೆ.

ಹೆಂಗಸರಲ್ಲಿ ಒಬ್ಬಳು ತಲೆ ಅಲ್ಲಾಡಿಸಿದಳು. "ಸುಳ್ಳ ಐತ್ರೀ ಬಾಯಾರ. ಒಂಬತ್ತು ಫೂಟ್ ಹೆಂಗಾಕ್ಕೈತಿ? ನನ್ನ ಗಂಡ ಹತ್ತ ಫೂಟಿನ ಏಣಿ ಹಚ್ಚಿ ನಿಂತ್ರೂ ತುದಿ ಮುಟ್ಟಿಲ್ಲ."

ಎಲ್ಲಿ ತಪ್ಪಿದೆ? ಹನ್ನೊಂದು ವರ್ಷದ ಗಣಿತ ತಲೆಯಿಂದ ಹಾರಿಹೋಯಿತು. ಆಗ ಹಿಂದಿನಿಂದ ಒಂದು ಕೈ ಮೇಲೆದ್ದಿತು. ನನ್ನ ನೆಗೆಣ್ಣಿ.

"ಅಕ್ಕಾ, ಬಣವಿ ತುದಿ ನಡಕ ಐತಿ. ಬುಡದ ಅಂಚಿನಿಂದ ಅಳದ್ರ ಹೆಂಗ? ಅರ್ಧ ಅಗಲಾನೂ ಕೂಡಿಸಬೇಕಲ್ಲ."

ಎದ್ದು ಬಂದು ಹಗ್ಗ ಹಿಡಿದು ಅವಳೇ ಅಳೆದಳು. ಬಣವಿಯ ಅಗಲ ಹತ್ತು ಅಡಿ, ಅರ್ಧ ಐದು. ಹದಿನೈದಕ್ಕೆ ಐದು ಕೂಡಿಸಿದರೆ ಇಪ್ಪತ್ತು. ಎತ್ತರ ಹನ್ನೆರಡು. "ಹಾಂ, ಇದು ಖರೆ!" ಎಂದು ಏಣಿಯವಳು ಚಪ್ಪಾಳೆ ತಟ್ಟಿದಳು. ನಾನು ಮೊಬೈಲಿನ ಕಡೆ ತಿರುಗಿ, ನಾನು ತಪ್ಪಿದ್ದೆ, ನನ್ನ ವಿದ್ಯಾರ್ಥಿನಿ ತಿದ್ದಿದಳು ಎಂದೆ. ಮುಗಿಯಿತು ಇಂಗ್ಲೆಂಡು ಎಂದುಕೊಂಡೆ. ಆದರೆ ಪರದೆಯಲ್ಲಿ ಮೂವರೂ ನಗುತ್ತಿದ್ದರು. ತರಗತಿಯಲ್ಲಿ ತಪ್ಪಾದಾಗ ಟೀಚರ್ ಏನು ಮಾಡುತ್ತಾರೆ ಎಂಬ ಪ್ರಶ್ನೆ ತಮ್ಮ ಪಟ್ಟಿಯಲ್ಲಿತ್ತು, ಅದನ್ನು ಇನ್ನು ಕೇಳಬೇಕಾಗಿಲ್ಲ ಎಂದರು ಮುಖ್ಯೋಪಾಧ್ಯಾಯಿನಿ. ನಮ್ಮಲ್ಲಿ ಬಿಸಿಲೇ ಅಪರೂಪ, ನೆರಳು ಎಲ್ಲಿಂದ ತರುತ್ತೀರಿ ಎಂದು ಕೇಳಿದರು. ಕತ್ತಲೆ ಕೋಣೆ, ಒಂದು ಬ್ಯಾಟರಿ, ಒಂದು ಡಸ್ಟರ್ ಸಾಕು ಎಂದೆ. ಅತ್ತೆಗೆ ಅದನ್ನು ಕನ್ನಡದಲ್ಲಿ ಹೇಳಿದರೆ ಅವರಿಗೆ ಬೇರೆಯದೇ ಚಿಂತೆ.

"ಅಯ್ಯ, ಬಿಸಲಿಲ್ಲದ ಊರಾಗ ಕಾಳಕಡಿ ಹೆಂಗ ಒಣಗಸ್ತಾರ?"

ಕೊನೆಗೆ, ನಿಮ್ಮಿಂದ ನಮಗೆ ಏನಾದರೂ ಪ್ರಶ್ನೆ ಇದೆಯೇ ಎಂದು ಕೇಳಿದರು. ನಾನು ಇಲ್ಲ ಎನ್ನುವಷ್ಟರಲ್ಲಿ ಅತ್ತೆ ಸೆರಗು ಸರಿಮಾಡಿಕೊಂಡು ಮೊಬೈಲಿನ ಎದುರು ಬಂದು ನಿಂತರು.

"ಕೇಳ ಆಕೀನ. ನಿಮ್ಮ ಮಾಸ್ತರು ಯಾಕ ಬಿಟ್ಟ ಹ್ವಾದ್ರು? ನೀವೇನ ಮಾಡಿದ್ರಿ ಅವರಿಗೆ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸಕ್ಕರೆ ಹಚ್ಚಿ ತರ್ಜುಮೆ ಮಾಡಿದೆ: ನಿಮ್ಮಲ್ಲಿ ಶಿಕ್ಷಕರ ಕೊರತೆಗೆ ಕಾರಣವೇನು ಎಂದು ನಮ್ಮ ಅತ್ತೆ ಕೇಳುತ್ತಿದ್ದಾರೆ. ಆ ಹೆಂಗಸು ಅತ್ತೆಯ ಮುಖವನ್ನೇ ನೋಡಿ, ಅವರು ಕೇಳಿದ್ದು ಇಷ್ಟು ಮೆತ್ತಗಿರಲಿಲ್ಲ ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಉತ್ತರ ಕೊಟ್ಟರು. ಕೆಲಸ ಬಹಳ, ಮನೆಗೆ ಹೋದರೂ ಮುಗಿಯುವುದಿಲ್ಲ, ಜನ ದಣಿದು ಕೆಲಸವನ್ನೇ ಬಿಡುತ್ತಾರೆ. ಒಬ್ಬ ಒಳ್ಳೆಯ ಟೀಚರನ್ನು ನಾವೇ ಸರಿಯಾಗಿ ನೋಡಿಕೊಳ್ಳಲಿಲ್ಲ, ಅದು ನನ್ನ ತಪ್ಪು ಎಂದರು. ಅದನ್ನು ಮಾತ್ರ ನಾನು ಇದ್ದದ್ದು ಇದ್ದಂತೆ ಹೇಳಿದೆ.

"ಸುಳ್ಳ ಹೇಳಲಿಲ್ಲ ನೋಡು," ಎಂದರು ಅತ್ತೆ. "ಇನ್ನ ಮನಿ ತೋರಸಂತ ಹೇಳು."

ನಂಬುತ್ತೀರೋ ಇಲ್ಲವೋ, ಆ ಹೆಂಗಸು ಎದ್ದು ಫೋನು ಹಿಡಿದು ನಡೆದೇಬಿಟ್ಟರು! ಉದ್ದನೆಯ ಪಡಸಾಲೆ, ಊಟದ ದೊಡ್ಡ ಕೋಣೆ, ಚಹಾದ ಕೆಟಲು. ಬಚ್ಚಲು ತೋರಿಸಬೇಕೆಂದು ಅತ್ತೆ ಹಟ ಹಿಡಿದರು, ಅದನ್ನೂ ತೋರಿಸಿದರು, ಒಳಗಿನ ಚಿಲಕವನ್ನು ಎರಡು ಸಲ ಹಾಕಿ ತೆಗೆದು ತೋರಿಸಿದರು. ಮೆಣಸಿನಕಾಯಿ ಹೆಂಗಸರು ಮೊಬೈಲಿಗೆ ಮುತ್ತಿಕೊಂಡು ಒಂದೊಂದಕ್ಕೂ ಬೆರಗಾಗುತ್ತಿದ್ದರು. ಒಂದು ಕೋಣೆಯಲ್ಲಿ ಮೂವತ್ತು ಹುಡುಗರು ಹಾಳೆ ತುಂಬುತ್ತ ಕುಳಿತಿದ್ದರು, ಆಟ ಆಡಿಸುವ ಮಾಸ್ತರರೊಬ್ಬರು ಕಾವಲಿದ್ದರು. ಗಣಿತದ ತರಗತಿ, ಜನವರಿಯಿಂದ ಟೀಚರ್ ಇಲ್ಲ. ಹುಡುಗರು ನಮಗೆ ಕೈಬೀಸಿದರು.

"ಪಾಪ, ಸುಮ್ಮ ಕುಂತಾವು," ಎಂದರು ಅತ್ತೆ. ಆಮೇಲೆ ಕೇಳಿದರು, "ನಮ್ಮ ಹುಡುಗಿ ಎಲ್ಲಿ ಕುಂದ್ರತಾಳ?"

ಶಿಕ್ಷಕರ ಕೋಣೆ. ಕಿಟಕಿಯ ಪಕ್ಕದ ಒಂದು ಮೇಜು, ಒಂದು ಕುರ್ಚಿ. ಇದು ಅವರದು, ಬೇರೆ ಯಾರೂ ಕೂರುವುದಿಲ್ಲ ಎಂದು ಮುಖ್ಯೋಪಾಧ್ಯಾಯಿನಿ ಕುರ್ಚಿಯ ಬೆನ್ನು ತಟ್ಟಿದರು.

ಅತ್ತೆ ನನ್ನ ಕಡೆ ತಿರುಗಿದರು. "ಇಲ್ಲೆ ನೀ ಎಲ್ಲಿ ಕುಂದ್ರತಿದ್ದಿಬೇ?"

ನಮ್ಮ ಶಾಲೆಯಲ್ಲಿ ನನ್ನನ್ನು ಯಾರೂ ಕೀಳಾಗಿ ಕಂಡವರಲ್ಲ, ಸುಳ್ಳು ಹೇಳಬಾರದು. ಆರು ಕುರ್ಚಿ, ಖಾಯಂ ಶಿಕ್ಷಕರು ಆರು ಜನ, ಏಳನೆಯವಳು ನಾನು. ಹೊರಗಿನ ಕಟ್ಟೆಯ ಮೇಲೆ, ಬಿಸಿಯೂಟದ ಅಕ್ಕಿ ಚೀಲಗಳ ಪಕ್ಕದಲ್ಲಿ ಕುಳಿತು ಹನ್ನೊಂದು ವರ್ಷ ಬುತ್ತಿ ಬಿಚ್ಚಿದ್ದೆ, ಉತ್ತರಪತ್ರಿಕೆ ತಿದ್ದಿದ್ದೆ. ಅತ್ತೆಗೆ ಇಷ್ಟೇ ಹೇಳಿದೆ. "ಕಟ್ಟಿ ಮ್ಯಾಲ, ಅತ್ತಿ."

ಅತ್ತೆ ಮೊಬೈಲಿನ ಹೆಂಗಸಿಗೆ ಕೈಮುಗಿದು ಹೊರಟರು. ಹೋಗುತ್ತ ತಿರುಗಿ, "ಹೂಂ ಅಂತ ಹೇಳು ಆಕೀಗೆ," ಎಂದರು. ಅತ್ತ ಶಾಲೆಯವರು ನನ್ನನ್ನು ಆರಿಸಿದ್ದೇವೆ ಎಂದು ಇನ್ನೂ ಹೇಳಿರಲಿಲ್ಲ, ಅತ್ತೆ ಆಗಲೇ ಅವರನ್ನು ಆರಿಸಿಯಾಗಿತ್ತು.

ನಾಲ್ಕು ದಿನಕ್ಕೆ ಪತ್ರ ಬಂತು. ಆರಿಸಿದ್ದರು. ನಾನು ಅಡುಗೆಮನೆಯಲ್ಲಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಕುಣಿದೆ, ಮಗಳೂ ಕುಣಿದಳು, ಒಂದು ರೊಟ್ಟಿ ಸೀದು ಕರಿಯಾಯಿತು.

ಜೂನ್ ಬಂತು. ಆಗಸ್ಟಿನಲ್ಲಿ ನಮ್ಮ ಪಯಣ. ಅಲ್ಲಿಯ ಮೂವತ್ತು ಹುಡುಗರಿಗೆ ಟೀಚರ್ ಸಿಕ್ಕಳು, ನಮ್ಮ ಶಾಲೆಯ ಹುಡುಗರಿಗೆ? ಆ ಪ್ರಶ್ನೆ ನನ್ನನ್ನು ಕೊರೆಯುತ್ತಿತ್ತು. ಅತ್ತೆಯನ್ನೂ ಕೊರೆಯುತ್ತಿತ್ತೆಂದು ಕಾಣುತ್ತದೆ, ಅವರು ನೇರ ನೆಗೆಣ್ಣಿಗೆ ಹೇಳಿದರು: "ಅಕ್ಕನ ತಪ್ಪ ಹಿಡದಾಕಿ ನೀ. ಅರ್ಜಿ ಬರಿ." ಅವಳು ಬರೆದಳು. ಆ ದಿನ ಅವಳ ಮುಖ ನೋಡಬೇಕಿತ್ತು, ಮದುವೆಯ ದಿನವೂ ಅವಳು ಅಷ್ಟು ನಕ್ಕಿರಲಿಲ್ಲ.

ಶಾಲೆ ಅವಳನ್ನು ತೆಗೆದುಕೊಂಡಿತು. ಮೊದಲ ದಿನ ಬಿಡಲು ನಾನು ಬಸ್ಸಿಗೆ ಹೊರಟರೆ ಅತ್ತೆ ತಡೆದರು. "ನಾನೂ ಬರ್ತೀನಿ. ಮನಿ ನೋಡಬೇಕು." ಟ್ರ್ಯಾಕ್ಟರ್ ತೆಗೆಸಿದರು. ಟ್ರೇಲರ್ ಹತ್ತಿ ನೋಡಿದರೆ ಅಲ್ಲಿ ನಮ್ಮ ಪಡಸಾಲೆಯ ಕೈಕುರ್ಚಿ! ತೇಗದ್ದು, ಮಾವನವರದು. ಅವರು ತೀರಿಕೊಂಡ ಮೇಲೆ ಅದರ ಮೇಲೆ ಮನೆಯಲ್ಲಿ ಯಾರೂ ಕೂತವರಲ್ಲ. ನಾನೂ ನೆಗೆಣ್ಣಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಹೆಡ್‌ಮಾಸ್ತರರು ಒಳ್ಳೆಯವರು, ಗಡಿಬಿಡಿಯಲ್ಲಿ ಎದ್ದು ಬಂದರು. "ಬರ್ರಿ ಬರ್ರಿ, ಏನ್ರೀ ಇದು, ಕುರ್ಚಿ?"

"ನಮ್ಮ ಸೊಸಿ ಕುಂದ್ರಾಕ್ರಿ. ಎಲ್ಲೆ ಇಡಲಿ ಹೇಳ್ರಿ."

ಅವರು ಒಂದು ಕ್ಷಣ ಕಟ್ಟೆಯ ಕಡೆ, ಅಕ್ಕಿ ಚೀಲಗಳ ಕಡೆ ನೋಡಿದರು. ಆಮೇಲೆ ಒಳಗೆ ಹೋಗಿ, ತಮ್ಮ ಕೈಯಾರೆ ಕಪಾಟು ಸರಿಸಿ, ಶಿಕ್ಷಕರ ಕೋಣೆಯ ಕಿಟಕಿಯ ಪಕ್ಕ ಜಾಗ ಮಾಡಿದರು. ನನ್ನ ಗಂಡ ಕುರ್ಚಿ ಹೊತ್ತು ತಂದು ಅಲ್ಲಿಟ್ಟರು. ಅತ್ತೆ ಸೆರಗಿನಿಂದ ಅದನ್ನು ಒರೆಸಿದರು. ನೆಗೆಣ್ಣಿ ಕೂರಲು ಮುಂದೆ ಬಂದರೆ ಅವಳ ರಟ್ಟೆ ಹಿಡಿದು ನಿಲ್ಲಿಸಿದರು.

"ತಡಿ ನೀ. ಮೊದಲ ಆಕಿ ಕುಂದರಲಿ."

ಆಕಿ ಎಂದರೆ ನಾನು. ಬೇಡ ಅತ್ತಿ, ಅದು ಮಾವನವರದು ಎಂದೆ.

"ಕುಂದ್ರಬೇ," ಎಂದರು. ಅವರ ದನಿ ಜೋರಾಗಿಯೇ ಇತ್ತು, ಕಣ್ಣು ಮಾತ್ರ ಒದ್ದೆ. "ಹನ್ನೊಂದು ವರ್ಷ ಬುತ್ತಿ ಕಟ್ಟಿ ಬಸ್ಸಿಗೆ ಕಳಿಸಿದ್ನಿ. ಒಮ್ಮೀನೂ ಬಂದು ನೋಡಲಿಲ್ಲ. ತಪ್ಪಾತು."

ನಾನು ಕೂತೆ. ಹೊರಗೆ ಮೊದಲ ಪಿರಿಯಡ್ಡಿನ ಗಂಟೆ ಹೊಡೆಯಿತು.