ಅರ್ಧ ಬೆಲೆಯ ಸಮುದ್ರ

ಕೊಪ್ಪದ ಬಸ್ ನಿಲ್ದಾಣದಿಂದ ಸ್ವಲ್ಪ ಮೇಲೆ ಹೋದರೆ ಔಷಧಿ ಅಂಗಡಿಯ ಮಹಡಿಯಲ್ಲಿ ತ್ರ್ಯಂಬಕನ ರಕ್ತಪರೀಕ್ಷೆಯ ಲ್ಯಾಬ್ ಇದೆ. ಊರಿನವರ ಸಕ್ಕರೆ, ಉಪ್ಪು, ಕೊಬ್ಬು ಎಲ್ಲವನ್ನೂ ಅಳೆದು ಕಾಗದದಲ್ಲಿ ಬರೆದುಕೊಡುವುದು ಅವನ ಕಸುಬು. ಯಾರ ಅಂಕಿಯನ್ನೂ ಅವನು ಒಂದು ದಶಾಂಶದಷ್ಟು ಆಚೀಚೆ ಮಾಡಿದವನಲ್ಲ. ಸುಳ್ಳು ಅಂಕಿ ಹೇಳಿದ್ದು ಮನೆಯಲ್ಲಿ ಮಾತ್ರ, ಅದೂ ಒಂದೇ ಒಂದು ವಿಷಯದಲ್ಲಿ, ಎಂದು ಈಗ ಅವನೇ ಹೇಳಿಕೊಂಡು ನಗುತ್ತಾನೆ.

ಆ ವಿಷಯ ಶುರುವಾದದ್ದು ಮಂಗಳೂರಿನಲ್ಲಿ, ಹೆಂಡತಿ ದಿವ್ಯಳ ಕಡೆಯವರ ಮದುವೆಯಲ್ಲಿ. ಅವರು ಉಳಿದುಕೊಂಡಿದ್ದ ಹೋಟೆಲಿನ ಹಜಾರದಲ್ಲಿ ಗೋಡೆಯುದ್ದದ ಒಂದು ಗಾಜಿನ ತೊಟ್ಟಿ. ತ್ರ್ಯಂಬಕ ಅದುವರೆಗೆ ನೋಡಿದ್ದು ದಂತವೈದ್ಯರ ಕಾಯುವ ಕೋಣೆಯಲ್ಲಿ ಬಾಯಿ ತೆರೆದು ಮುಚ್ಚುವ ಚಿನ್ನದ ಬಣ್ಣದ ಮೀನುಗಳನ್ನು. ಇದು ಬೇರೆಯೇ ಲೋಕ. ಕಲ್ಲಿನ ಮೇಲೆ ಕಲ್ಲು, ಕಲ್ಲಿನ ತುಂಬ ನೇರಳೆ, ಹಸಿರು ಹವಳಗಳು ಗಾಳಿಯಲ್ಲಿ ಬಟ್ಟೆ ಆಡಿದಂತೆ ಆಡುತ್ತಿದ್ದವು. ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನುಗಳು ಹೂವಿನಂಥ ಏನೋ ಒಂದರ ನಡುವೆ ಹಾಸಿಗೆಯಲ್ಲಿ ಹೊರಳಾಡುವ ಮಕ್ಕಳ ಹಾಗೆ ಹೊರಳಾಡುತ್ತಿದ್ದವು. ತ್ರ್ಯಂಬಕ ನೋಡುತ್ತ ನಿಂತ. ಮುಹೂರ್ತ ಮುಗಿಯಿತು, ಮೊದಲ ಪಂಕ್ತಿ ಎದ್ದಿತು, ಎರಡನೆಯದೂ ಎದ್ದಿತು. ಕೊನೆಯ ಪಂಕ್ತಿಯಲ್ಲಿ ಬಡಿಸುವವರ ಜೊತೆ ಕೂತು ಉಂಡ. ಹೋಳಿಗೆ ಖಾಲಿಯಾಗಿತ್ತು. ಅವನಿಗೆ ಅದು ಗೊತ್ತಾಗಲೂ ಇಲ್ಲ.

ಎರಡು ತಿಂಗಳು ಫೋನಿನಲ್ಲಿ ಓದಿದ, ವೀಡಿಯೊ ನೋಡಿದ. ಆಮೇಲೆ ಬೆಂಗಳೂರಿನ ಒಬ್ಬ ವ್ಯಾಪಾರಿಯಿಂದ ಮೂರಡಿಯ ತೊಟ್ಟಿ, ಅಲೆ ಎಬ್ಬಿಸುವ ಪಂಪು, ನೀರಿನ ಕೊಳೆಯನ್ನು ನೊರೆ ಮಾಡಿ ಹೊರಹಾಕುವ ಯಂತ್ರ, ಹವಳಕ್ಕೆಂದೇ ಮಾಡಿದ ನೀಲಿ ದೀಪ, ಕಲ್ಲು, ಎಲ್ಲವನ್ನೂ ತರಿಸಿದ. ಒಟ್ಟು ಇಪ್ಪತ್ತೆಂಟು ಸಾವಿರ. ದಿವ್ಯ ಹರಿಹರಪುರದ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಸಂಜೆ ಬಸ್ಸಿಳಿದು ಬಂದವಳು ಚಪ್ಪಲಿ ಬಿಡುತ್ತ ಎಷ್ಟಾಯಿತು ಎಂದು ಕೇಳಿದಳು. ಹದಿನಾಲ್ಕು ಎಂದಿತು ತ್ರ್ಯಂಬಕನ ಬಾಯಿ. ತಾನು ಏನು ಹೇಳಿದೆ ಎಂದು ಅವನಿಗೆ ಗೊತ್ತಾದದ್ದು ಹೇಳಿಯಾದ ಮೇಲೆ.

ದಿವ್ಯ ಬೈಯುವವಳಲ್ಲ. ಸರಿಯಾದ ಬೆಲೆ ಹೇಳಿದ್ದರೆ "ಹೌದಾ" ಎನ್ನುತ್ತಿದ್ದಳು, ಅಷ್ಟೇ. ಆ ಒಂದು ಮಾತಿಗೆ ಹೆದರಿ ಮೂರು ವರ್ಷ ಸುಳ್ಳು ಹೇಳಿದ ಗಂಡಸು ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು ಎನ್ನುತ್ತಾನೆ.

ತೊಟ್ಟಿ ಬಂತು, ಸಮುದ್ರ ಬರಬೇಕಿತ್ತು. ಘಟ್ಟದ ಕೆಳಗೆ ಬೇಕಾದಷ್ಟಿದೆ, ಮೇಲೆ ತರುವವರು ಯಾರು? ಮಲ್ಪೆಯಿಂದ ಕೊಪ್ಪಕ್ಕೆ ದಿನಾ ಬೆಳಿಗ್ಗೆ ಮೀನಿನ ವ್ಯಾನ್ ಬರುತ್ತದೆ. ಕಿರಣ ಎಂಬವನದು. ಹುಟ್ಟಿದಂದಿನಿಂದ ಆ ವ್ಯಾನ್ ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದ ತ್ರ್ಯಂಬಕ ಎರಡು ಖಾಲಿ ಕ್ಯಾನ್ ಹಿಡಿದು ಅದರ ಹಿಂದೆ, ಬಂಗುಡೆಗೆ ನಿಂತವರ ಸಾಲಿನಲ್ಲಿ ನಿಂತ.

"ಮೀನು ಬೇಡ, ನೀರು ಮಾತ್ರವಾ ಭಟ್ರೇ?" ಎಂದ ಕಿರಣ. "ನೀರಿಗೆ ಎಂತ ರೇಟ್ ಅಂತ ನನಗೇ ಗೊತ್ತಿಲ್ಲ ಮಾರಾಯ್ರೆ."

ನೀರು ತುಂಬಿದ ಮೇಲೆ ಹವಳಗಳೂ ಹೋಟೆಲಿನಲ್ಲಿ ಕಂಡಂಥವೇ ಎರಡು ಕಿತ್ತಳೆ ಮೀನುಗಳೂ ಬಂದವು. ಮೊದಲ ತಿಂಗಳು ಕಿರಣ ದುಡ್ಡು ತೆಗೆದುಕೊಳ್ಳಲಿಲ್ಲ. ಆಮೇಲೆ ತ್ರ್ಯಂಬಕನೇ ಸಂಕೋಚಪಟ್ಟು ಕ್ಯಾನಿಗೆ ಐವತ್ತು ಕೊಟ್ಟ. ಡೀಸೆಲ್ ಏರಿದಾಗ, ಯಾರೂ ಕೇಳದಿದ್ದರೂ, ನೂರು ಮಾಡಿದ. ಅಷ್ಟರಲ್ಲಿ ತ್ರ್ಯಂಬಕ ಭಟ್ಟರು ಮೀನು ತಿನ್ನಲು ಶುರು ಮಾಡಿದ್ದಾರೆ ಎಂಬ ಸುದ್ದಿ ಕೊಪ್ಪ ದಾಟಿ ಶೃಂಗೇರಿಗೆ ಮುಟ್ಟಿ, ಕಿಗ್ಗದ ನೆಂಟರೊಬ್ಬರ ಫೋನಿನ ಮೂಲಕ ಅವನ ತಾಯಿ ಸುಬ್ಬಮ್ಮನ ಕಿವಿಗೆ ವಾಪಸು ಬಂತು. ಅವರು ಮಗನ ಜೊತೆಯಲ್ಲೇ ಇರುವವರು. ತೊಟ್ಟಿಯ ಮುಂದೆ ನಿಂತು, ಇವನು ತಿನ್ನುವುದಿಲ್ಲ, ಬರೀ ಸಾಕುತ್ತಾನೆ ಎಂಬುದನ್ನು ಖಚಿತ ಮಾಡಿಕೊಂಡರು. "ತಿಂದಿದ್ರೆ ಖರ್ಚು ಕಮ್ಮಿ ಆಗ್ತಿತ್ತು ಮಾಣಿ" ಎಂದು ಒಳಗೆ ಹೋದರು.

ಸಾಕುವುದು ಅವನು ಅಂದುಕೊಂಡಂತೆ ಇರಲಿಲ್ಲ. ನೀರಿನ ಉಪ್ಪು ನೋಡಬೇಕು, ಕ್ಯಾಲ್ಸಿಯಂ ನೋಡಬೇಕು, ಶಾಖ ನೋಡಬೇಕು. ಉಪ್ಪು ನೋಡಲು, ಲ್ಯಾಬಿನಲ್ಲಿ ಮೂತ್ರದ ಸಾಂದ್ರತೆ ನೋಡುವ ಉಪಕರಣವೇ ಸಾಕಾಯಿತು. ಅದೊಂದೇ ಅವನಿಗೆ ಪುಕ್ಕಟೆ ಸಿಕ್ಕಿದ್ದು. ಜೂನ್, ಜುಲೈನಲ್ಲಿ ಕಡಲಿಗೆ ಬೋಟು ಇಳಿಯುವುದಿಲ್ಲ, ವ್ಯಾನೂ ಬರುವುದಿಲ್ಲ. ಆಗ ವಿದೇಶದಿಂದ ಬರುವ ಸಮುದ್ರದ ಉಪ್ಪಿನ ಪುಡಿ ತರಿಸಿ ಕಲಸಬೇಕು. ಮೊದಲ ವರ್ಷ ಒಂದು ಬಕೆಟ್ಟಿಗೆ ನಾಲ್ಕು ಸಾವಿರದ ಇನ್ನೂರು. ಮರುವರ್ಷ ಐದೂವರೆ. ಅದರ ಮರುವರ್ಷ ಏಳೂವರೆ. ಯಾಕೆ ಎಂದರೆ ವ್ಯಾಪಾರಿ ಡಾಲರ್ ಸಾರ್ ಎನ್ನುತ್ತಿದ್ದ. ಅಲ್ಲಿಯವರೆಗೆ ವಾರ್ತೆಯಲ್ಲಿ ಅಡಿಕೆ ಧಾರಣೆಯನ್ನೂ ಸರಿಯಾಗಿ ಕೇಳದಿದ್ದ ತ್ರ್ಯಂಬಕ ಡಾಲರಿನ ದರ ಕೇಳಲು ಕೂರತೊಡಗಿದ. ಏಪ್ರಿಲ್ ಸೆಕೆಗೆ ನೀರು ತಣ್ಣಗಿಡುವ ಯಂತ್ರ ಬಂತು. ಕರೆಂಟು ಹೋದರೆ ಮೀನಿಗೆ ಉಸಿರಿಲ್ಲ, ಅದಕ್ಕೊಂದು ಇನ್ವರ್ಟರ್ ಬಂತು. ಮನೆಯವರು ಕತ್ತಲಲ್ಲಿ ಮೇಣದಬತ್ತಿ ಹಿಡಿದು ಓಡಾಡುವಾಗ ಹವಳ ನೀಲಿ ಬೆಳಕಿನಲ್ಲಿ ಆರಾಮಾಗಿ ಕೂತಿರುತ್ತಿತ್ತು.

ಪ್ರತಿಯೊಂದರ ಬೆಲೆಯನ್ನೂ ಅವನು ಮನೆಯಲ್ಲಿ ಅರ್ಧ ಮಾಡಿ ಹೇಳಿದ. ಕಷ್ಟ ಎಂದರೆ, ನಿಜವಾದ ಬೆಲೆ ಏರಿದ ಹಾಗೆ ಅರ್ಧವೂ ಏರುತ್ತದೆ. ದಿವ್ಯ ಹುಬ್ಬು ಮೇಲೆ ಮಾಡಿದ್ದು ಕಂಡು, ಎರಡನೆಯ ವರ್ಷದಿಂದ ಮೂರನೆಯ ಒಂದು ಪಾಲು ಹೇಳತೊಡಗಿದ. ಭಿನ್ನರಾಶಿ ನನಗೆ ಶಾಲೆಯಲ್ಲಿ ತಲೆಗೆ ಹತ್ತಿರಲಿಲ್ಲ, ಮದುವೆಯಾದ ಮೇಲೆ ಹತ್ತಿತು ಎನ್ನುತ್ತಾನೆ.

ಆ ಹೊತ್ತಿಗೆ ನರಸಿಂಹರಾಜಪುರದಿಂದ ದಿವ್ಯಳ ತಮ್ಮ ಮಹೇಶ್ವರ ಬಂದ. ಅವನದು ಸಿಮೆಂಟು, ಕಬ್ಬಿಣದ ಅಂಗಡಿ. ಕಂಡದ್ದಕ್ಕೆಲ್ಲ ಬೆಲೆ ಕೇಳುವವನು. ತೊಟ್ಟಿಯ ಸುತ್ತ ಒಂದು ಸುತ್ತು ಬಂದು ಎಷ್ಟು ಬಿತ್ತು ಎಂದು ಕೇಳಿದ. ತ್ರ್ಯಂಬಕ ಬಾಯಿ ತೆಗೆಯುವ ಮೊದಲೇ ದಿವ್ಯ ಹೇಳಿಬಿಟ್ಟಳು.

"ಹದಿನಾಲ್ಕು ಸಾವಿರ."

"ಅಷ್ಟೇನಾ? ಹಾಗಾದ್ರೆ ನನಗೂ ಒಂದು ತರಿಸಿ ಭಾವ" ಎಂದು ಮಹೇಶ್ವರ ಅಲ್ಲೇ ಜೇಬಿನಿಂದ ನೋಟು ತೆಗೆದ. ಬೆಲೆ ಹೆಚ್ಚಾಗಿದೆ ಎಂದು ತ್ರ್ಯಂಬಕ ಮೆಲ್ಲಗೆ ಎಂದ. ಎಷ್ಟು ಹೆಚ್ಚಾಗಿರುತ್ತದೆ, ಇನ್ನೊಂದು ಸಾವಿರ ಕೊಡು ಎಂದು ದಿವ್ಯ ತಮ್ಮನಿಗೆ ತೀರ್ಪು ಕೊಟ್ಟಳು.

ಅದೇ ಸಾಮಾನು ಆಗ ಮೂವತ್ತಾರು ಸಾವಿರ. ಇಪ್ಪತ್ತೊಂದು ಸಾವಿರವನ್ನು ತ್ರ್ಯಂಬಕ ತನ್ನ ಕೈಯಿಂದ ಹಾಕಿದ. ಲ್ಯಾಬಿನಲ್ಲಿ ರಕ್ತ ತಿರುಗಿಸುವ ಯಂತ್ರ ಹಳತಾಗಿ, ಶುರು ಮಾಡಿದರೆ ಮೇಜಿನ ಮೇಲೆ ತಾನೇ ನಡೆಯುತ್ತಿತ್ತು. ಹೊಸದಕ್ಕೆಂದು ತೆಗೆದಿಟ್ಟ ಹಣ ಅದು. ಇನ್ನು ಮುಂದೆ ಯಂತ್ರ ತಿರುಗುವಷ್ಟು ಹೊತ್ತೂ ಅದರ ತಲೆಯ ಮೇಲೆ ಕೈಯಿಟ್ಟು, ಆಶೀರ್ವಾದ ಮಾಡುವವನ ಹಾಗೆ ನಿಲ್ಲುವುದು ಅವನ ಪಾಲಿಗೆ ಬಂತು. ಭಾನುವಾರ ಬಂದರೆ ನರಸಿಂಹರಾಜಪುರಕ್ಕೆ ಕ್ಯಾನ್ ಹೊತ್ತುಕೊಂಡು ಹೋಗಿ ಭಾವಮೈದನ ತೊಟ್ಟಿಯ ನೀರು ಬದಲಿಸಬೇಕು. ಅಲ್ಲಿ ಒಂದು ಮೀನು ಸತ್ತರೆ ಯಾರಿಗೂ ಹೇಳದೆ ಅಂಥದೇ ಇನ್ನೊಂದು ಬಿಟ್ಟುಬರಬೇಕು. ನೀವು ಕೊಟ್ಟ ಮೀನು ಗಟ್ಟಿ ಭಾವ, ಒಂದೂ ಸಾಯಲಿಲ್ಲ ಎಂದು ಮಹೇಶ್ವರ ಹೊಗಳುತ್ತಿದ್ದ.

ಐದನೆಯ ತಿಂಗಳಲ್ಲಿ ಮಹೇಶ್ವರ ಮಧ್ಯಾಹ್ನದ ಊಟದ ಹೊತ್ತಿಗೆ ಸಿಹಿತಿಂಡಿಯ ಪೊಟ್ಟಣ ಹಿಡಿದು ಬಂದ. ತೊಟ್ಟಿ ನೋಡಿ ನೋಡಿ ಬೇಸರ ಬಂತಂತೆ. ಕಿಗ್ಗದ ಹತ್ತಿರ ಹೋಮ್‌ಸ್ಟೇ ಇಟ್ಟುಕೊಂಡ ಗಿರಾಕಿಯೊಬ್ಬ ಸಿಮೆಂಟಿಗೆ ಬಂದಾಗ ಕೇಳಿದನಂತೆ. ಹದಿನೆಂಟಕ್ಕೆ ಕೊಟ್ಟೆ, ಮೂರು ಸಾವಿರ ಲಾಭ ಎಂದು ಪೊಟ್ಟಣ ಬಿಚ್ಚಿದ. ತ್ರ್ಯಂಬಕ ಭಾವಮೈದನನ್ನು ಅಭಿನಂದಿಸಿದ. ಬೇರೆ ದಾರಿ ಇರಲಿಲ್ಲ.

ದಿವ್ಯಳ ಮುಖ ಅರಳಿತ್ತು. ವ್ಯಾಪಾರದ ಬುದ್ಧಿ ಎಂದರೆ ಇದು, ನಿಮ್ಮದನ್ನೂ ಇವನ ಕೈಗೇ ಕೊಡಿ, ಲಾಭಕ್ಕೆ ಮಾರಿಕೊಡುತ್ತಾನೆ ಎಂದಳು. ಮಹೇಶ್ವರ ಎದ್ದುಹೋಗಿ ತೊಟ್ಟಿಯ ಉದ್ದಗಲವನ್ನು ಗೇಣಿನಲ್ಲಿ ಅಳೆಯತೊಡಗಿದ. ಆ ಗೇಣು ನೋಡಿ ತ್ರ್ಯಂಬಕನಿಗೆ ತಡೆಯಲಾಗಲಿಲ್ಲ.

"ಅದು ಹದಿನಾಲ್ಕಲ್ಲ, ಇಪ್ಪತ್ತೆಂಟು. ನಿಂದು ಮೂವತ್ತಾರು ಮಹೇಶ" ಎಂದ.

ಮಹೇಶ್ವರನ ಬಾಯಲ್ಲಿದ್ದ ಸಿಹಿ ಅಲ್ಲೇ ನಿಂತಿತು. ಅವನು ಮನಸ್ಸಿನಲ್ಲಿ ಲಾಭವನ್ನು ನಷ್ಟಕ್ಕೆ ತಿರುಗಿಸುತ್ತಿದ್ದದ್ದು ಕಣ್ಣಿನಲ್ಲಿ ಕಾಣುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಪೇಟೆಯಲ್ಲಿ ಏನೋ ಕೆಲಸವಿದೆ ಎಂದು ಹೊರಟುಹೋದ. ದಿವ್ಯ ಒಂದೊಂದೇ ಸಾಮಾನಿನ ಹೆಸರು ಹೇಳಿ ನಿಜವಾದ ಬೆಲೆ ಕೇಳಿದಳು. ಬರೆದುಕೊಳ್ಳಲಿಲ್ಲ, ಮನಸ್ಸಿನಲ್ಲೇ ಕೂಡಿದಳು. ಎರಡು ಲಕ್ಷ ದಾಟಿತು.

"ಹೌದಾ" ಎಂದಳು. ಅವನು ಮೂರು ವರ್ಷದಿಂದ ಹೆದರಿದ್ದು ಸರಿಯಾಗಿಯೇ ಇತ್ತು. ಆಮೇಲೆ ಕೇಳಿದಳು, "ಲ್ಯಾಬಿನ ಆದಾಯ ಅಂತ ತಿಂಗಳಿಗೊಮ್ಮೆ ಹೇಳ್ತೀರಲ್ಲ, ಅದನ್ನ ಎಷ್ಟರಿಂದ ಗುಣಿಸ್ಬೇಕು?"

ಅದು ನಿಜ ಎಂದು ಅವನು ಹೇಳಿದ. ನಂಬಿಸಲು ಲ್ಯಾಬಿನ ರಸೀದಿ ಪುಸ್ತಕ ತಂದು ಮುಂದಿಟ್ಟ. ಅವಳು ಅದನ್ನು ತೆರೆಯಲಿಲ್ಲ. ತಟ್ಟೆ ಎತ್ತುತ್ತ ಮೆಲ್ಲಗೆ ಮಾತಾಡಿದಳು. ಎರಡು ವರ್ಷದಿಂದ ತನಗೊಂದು ಸ್ಕೂಟರ್ ಬೇಕೆಂದು ಅವಳಿಗಿತ್ತು. ಹರಿಹರಪುರದ ಬಸ್ಸಿನಲ್ಲಿ ನಿಂತು ನಿಂತು ಮೊಣಕಾಲು ನೋವು. ಆದರೆ ಪ್ರತಿ ಸಲವೂ ಮನೆಯ ಖರ್ಚು ಲೆಕ್ಕ ಹಾಕಿ, ಲ್ಯಾಬಿನಲ್ಲೇ ಏನೋ ತೊಂದರೆ ಇರಬೇಕು, ಕೈಯಲ್ಲಿ ಹಣ ನಿಲ್ಲುತ್ತಿಲ್ಲ, ಮುಂದಿನ ವರ್ಷ ನೋಡೋಣ ಎಂದು ಸುಮ್ಮನಾಗಿದ್ದಳು.

"ನಾನು ಲೆಕ್ಕದ ಟೀಚರು. ತಪ್ಪು ಅಂಕಿ ಕೊಟ್ಟು ನನ್ನ ಹತ್ರ ಲೆಕ್ಕ ಮಾಡಿಸಿದ್ರಿ."

ತ್ರ್ಯಂಬಕ ತನ್ನ ಬಗ್ಗೆ ಎಲ್ಲರ ಮುಂದೆ ತಮಾಷೆ ಮಾಡಿಕೊಳ್ಳುತ್ತಾನೆ, ಈ ಮಾತಿಗೆ ಬಂದಾಗ ಮಾತ್ರ ತಮಾಷೆ ಬಿಡುತ್ತಾನೆ. ನಾಲ್ಕು ದಿನ ಅವಳು ಅವನೊಡನೆ ಸುಬ್ಬಮ್ಮನ ಮೂಲಕವೇ ಮಾತಾಡಿದಳು. ಉಪ್ಪು ಬೇಕಾ ಕೇಳಿ ಅತ್ತೆ ಎನ್ನುವಳು. ಯಾವ ಉಪ್ಪು ಎಂದು ಸುಬ್ಬಮ್ಮ ಕೇಳುವರು.

ಐದನೆಯ ದಿನ ಅವನು ಶಿವಮೊಗ್ಗದ ಒಬ್ಬನನ್ನು ಕರೆಸಿದ. ಅವನಿಗೂ ಇದೇ ಹುಚ್ಚು, ಹೊಸತಾಗಿ ಹಿಡಿದದ್ದು. ನಾಜೂಕಿನ ಹವಳಗಳು, ದೊಡ್ಡ ದೀಪ, ತಂಪು ಮಾಡುವ ಯಂತ್ರ, ಎಲ್ಲವೂ ಕಾಲು ಬೆಲೆಗೆ ಹೋದವು. ತಾನು ತಂದ ವ್ಯಾನಿಗೆ ಏರಿಸುವಾಗ ಆ ಮನುಷ್ಯ ಹೆಂಡತಿಗೆ ಫೋನ್ ಮಾಡಿ ಬೆಲೆ ಹೇಳುತ್ತಿದ್ದ. ಹೇಳಿದ್ದು ಕೊಟ್ಟದ್ದಕ್ಕಿಂತ ಕಡಿಮೆ ಇತ್ತು. ತ್ರ್ಯಂಬಕ ಅವನ ಹೆಗಲ ಮೇಲೆ ಒಮ್ಮೆ ಕೈಯಿಟ್ಟು, ಉಳಿದ ಸಾಮಾನು ಏರಿಸಿಕೊಟ್ಟ. ಬಂದ ಹಣಕ್ಕೆ ಸ್ವಲ್ಪ ಸೇರಿಸಿ ದಿವ್ಯಳಿಗೆ ಹಳೆಯ ಸ್ಕೂಟರ್ ಕೊಂಡ. ಅದರ ಬೆಲೆಯ ಮಾತುಕತೆಗೆ ಅವಳೇ ಬಂದಿದ್ದಳು.

ಉಳಿದದ್ದು ತೊಟ್ಟಿ, ಕಲ್ಲು, ಹೇಗೆ ಇಟ್ಟರೂ ಬದುಕುವ ನಾಲ್ಕು ಮೆತ್ತನೆಯ ಹವಳ, ಆ ಎರಡು ಕಿತ್ತಳೆ ಮೀನು. ನೀರಿನ ವ್ಯವಹಾರವನ್ನು ದಿವ್ಯ ವಹಿಸಿಕೊಂಡಳು. ಒಂದು ಬೆಳಿಗ್ಗೆ ಅವಳೇ ವ್ಯಾನಿನ ಹತ್ತಿರ ಹೋಗಿ, ಕ್ಯಾನಿಗೆ ನೂರು ಯಾಕೆ ಎಂದು ಕಿರಣನನ್ನು ಕೇಳಿದಳು. "ನಾನು ಕೇಳಿದ್ದೇ ಇಲ್ಲ ಅಕ್ಕ, ಭಟ್ರೇ ಕೊಟ್ಟದ್ದು" ಎಂದ ಕಿರಣ. ಈಗ ನಲವತ್ತು.

ಕಳೆದ ಮಾಘದಲ್ಲಿ ಒಂದು ಬೆಳಿಗ್ಗೆ ಕಲ್ಲಿನ ಒಂದು ಮೂಲೆಯಲ್ಲಿ ಕಿತ್ತಳೆ ಬಣ್ಣದ ಸಣ್ಣ ಚುಕ್ಕಿಗಳು ಕಂಡವು. ಮೊಟ್ಟೆ. ಗಂಡು ಮೀನು ಹಗಲಿಡೀ ರೆಕ್ಕೆಯಿಂದ ಗಾಳಿ ಹಾಕುತ್ತ ಕಾಯುತ್ತಿತ್ತು. ತ್ರ್ಯಂಬಕ ಅವತ್ತು ಲ್ಯಾಬ್ ಒಂದು ಗಂಟೆ ತಡವಾಗಿ ತೆರೆದ. ಮರಿಗಳಿಗೆ ಬೇರೆ ತೊಟ್ಟಿ ಬೇಕು, ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳನ್ನು ಬೆಳೆಸಿ ತಿನ್ನಿಸಬೇಕು ಎಂದು ಊಟದ ಹೊತ್ತಿಗೆ ವಿವರಿಸಿದ. ಬಾಣಂತನಕ್ಕೆ ಎಷ್ಟಾಗ್ತದೆ ಎಂದು ಸುಬ್ಬಮ್ಮ ಕೇಳಿದರು. ಹನ್ನೊಂದು ಸಾವಿರ ಎಂದ ತ್ರ್ಯಂಬಕ. ಪೂರ್ತಿ ಬೆಲೆ ಹೇಳುವುದು ಹಲ್ಲು ಕೀಳಿಸಿದ ಹಾಗೆ ಆಯಿತು. ದಿವ್ಯ ಬೇಡ ಎಂದು ತಲೆಯಾಡಿಸಿದಳು, ಅವನು ಒಪ್ಪಿದ.

ಒಂಬತ್ತನೆಯ ದಿನ ನೋಡಿದರೆ ಬರೀ ಕಲ್ಲು. ಮರಿಗಳು ಒಡೆದು ಬಂದಿರಬೇಕು, ಪಂಪು ಎಳೆದುಕೊಂಡಿತೋ ದೊಡ್ಡವು ತಿಂದವೋ, ಒಂದೂ ಇರಲಿಲ್ಲ. ಶಾಲೆಗೆ ಹೊರಟಿದ್ದ ದಿವ್ಯ ಹೆಲ್ಮೆಟ್ ಕೈಯಲ್ಲಿ ಹಿಡಿದು ಅವನ ಪಕ್ಕ ಬಂದು ನಿಂತಳು.

"ಒಂದೂ ಉಳೀಲಿಲ್ವಾ?"

"ಇಲ್ಲ."

ಗಂಡು ಮೀನು ಮುಂದಿನ ಮೊಟ್ಟೆಗೆಂದು ಅದೇ ಕಲ್ಲನ್ನು ಬಾಯಿಂದ ಕಚ್ಚಿ ಕಚ್ಚಿ ಮತ್ತೆ ಶುಚಿ ಮಾಡುತ್ತಿತ್ತು. ಅವಳು ಬಗ್ಗಿ ಗಾಜಿಗೆ ಮುಖ ಹತ್ತಿರ ಮಾಡಿದಳು. ಪ್ರಾರ್ಥನೆಯ ಹೊತ್ತು ಹತ್ತಿರವಾಗಿತ್ತು, ಆದರೂ ಹೊರಡಲಿಲ್ಲ.

"ಆ ಇನ್ನೊಂದು ತೊಟ್ಟಿ ಮಾತ್ರ ಆದ್ರೆ ಎಷ್ಟು ಬೀಳ್ತದೆ?" ಎಂದು ಕೇಳಿದಳು.

ತ್ರ್ಯಂಬಕ ನಾಲ್ಕೂವರೆ ಎಂದ. ದುಬಾರಿ ಎಂದಳು ದಿವ್ಯ, ನೋಡುತ್ತ ನಿಂತಳು.